ಕೊನೆಯ ಸರದಿಯ ಅಳಿಯ

ಪ್ರಯೋಗಾಲಯಕ್ಕೆ ಸೇರಿದ ಮೇಲೆ ಕಿರಿಯವಳು ಆಡಿದ ತಮಾಷೆ ಒಂದೇ ಒಂದು. ಅದೂ ತಮಾಷೆಯೆಂದು ಆಡಿದ್ದಲ್ಲ, ಬಾಯಿಂದ ಜಾರಿ ಬಿದ್ದದ್ದು. ಬಿದ್ದದ್ದನ್ನು ಎತ್ತಿಕೊಂಡವರು ಮಾತ್ರ ಮತ್ತೆ ಕೆಳಗಿಡಲಿಲ್ಲ.

ಮನೆಯಲ್ಲಿ ಅವಳು ಕಿರಿಯವಳಾದದ್ದು ಅಕ್ಕನ ನಂತರ ಹುಟ್ಟಿದ್ದಕ್ಕೆ. ಪ್ರಯೋಗಾಲಯದಲ್ಲೂ ಅದೇ ಹೆಸರು ಅಂಟಿಕೊಂಡಿತು, ಎಲ್ಲರಿಗಿಂತ ಕೊನೆಯಲ್ಲಿ ಸೇರಿದ್ದಕ್ಕೆ. ಎರಡೂ ಕಡೆ ಅವಳ ದನಿ ಕೇಳಿದವರು ಕಡಿಮೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುವ ಗಾದೆಯನ್ನು ಅಮ್ಮ ದಿನಕ್ಕೊಮ್ಮೆಯಾದರೂ ಅವಳ ಕಿವಿಗೆ ಹಾಕುತ್ತಿದ್ದಳು. ಮಗಳು ಅದನ್ನೂ ತುಟಿಪಿಟಕ್ಕೆನ್ನದೆ ಕೇಳಿಸಿಕೊಳ್ಳುತ್ತಿದ್ದಳು.

ತಮಾಷೆ ಅರ್ಥವಾಗಬೇಕಾದರೆ ಅಲ್ಲಿನ ಕಸುಬು ಏನೆಂದು ಹೇಳಬೇಕು. ರೋಗಾಣುವಿನ ಮೈಸುತ್ತ ಕೊಬ್ಬಿನದೊಂದು ತೆಳು ಪೊರೆ. ಒಳಗೆ ಉಪ್ಪು ಎಷ್ಟಿರಬೇಕು, ಹೊರಗೆ ಎಷ್ಟಿರಬೇಕು ಎಂಬ ಲೆಕ್ಕದ ಮೇಲೆ ಅದರ ಸಂಸಾರ ನಿಂತಿದೆ. ಎಣ್ಣೆಗೂ ಉಪ್ಪಿಗೂ ಆಗಿಬರದ ಕಾರಣ ಉಪ್ಪು ತಾನಾಗಿ ಆ ಪೊರೆ ದಾಟದು. ದಾಟಿಸಲು ಯಾರಾದರೂ ಬೇಕು. ಅಂಥ ದಾಟಿಸುವ ಅಣುಗಳನ್ನು ಹೊಸದಾಗಿ ಕಟ್ಟುವುದೇ ಇವರ ಕೆಲಸ. ಮುಂದೆ ಎರಡು ತೋಳು, ಹಿಂದೆ ಎಣ್ಣೆ ಮೆತ್ತಿದಂಥ ಬಾಲ. ತೋಳುಗಳು ಉಪ್ಪಿನ ಒಂದು ಪಾಲಾದ ಕ್ಲೋರೈಡನ್ನು ಅಪ್ಪಿಕೊಳ್ಳಬೇಕು, ಎಣ್ಣೆಮೈ ಪೊರೆಯೊಳಗೆ ನುಸುಳಬೇಕು, ಆಚೆ ದಡದಲ್ಲಿ ಹೊರೆ ಇಳಿಸಿ ಮತ್ತೆ ಈಚೆ ಬರಬೇಕು. ಒಳಗಿನ ಲೆಕ್ಕ ತಪ್ಪಿದ ರೋಗಾಣು ಸಾಯಬೇಕು. ಹಳೆಯ ಔಷಧಿಗಳನ್ನೆಲ್ಲ ಅರಗಿಸಿಕೊಂಡು ಕೊಬ್ಬಿದ ರೋಗಾಣುಗಳಿಗೂ ಈ ವಿದ್ಯೆ ಹೊಸದು. ಸಾಯಬೇಕು ಎನ್ನುವುದು ಹಾಳೆಯ ಮೇಲಿನ ಮಾತು. ಸತ್ತವೇ ಎಂದು ಕೇಳುವುದು ಬೇರೆ.

ಇಂಥ ಒಂಬತ್ತು ಅಣುಗಳನ್ನು ಕಟ್ಟಿದವನು ಉದ್ದಣ್ಣ. ಅವನು ಅಲ್ಲಿನ ಹಿರಿಯ ಸಂಶೋಧಕ. ಬಾಗಿಲು ದಾಟುವಾಗೆಲ್ಲ ತಲೆ ತಗ್ಗಿಸಬೇಕಾದಷ್ಟು ಉದ್ದ. ಮೊದಲನೆಯ ಅಣು ಮೋಟುಬಾಲದ ಹಳದಿ ಪುಡಿ, ಹೆಸರು ಗಿಡ್ಡ. ಅಲ್ಲಿಂದ ಒಂದೊಂದಕ್ಕೂ ಬಾಲ ಉದ್ದವಾಗುತ್ತಾ ಹೋಯಿತು. ಒಂಬತ್ತನೆಯದು ಬಿಳಿಯ ರೇಷ್ಮೆಯಂಥ ಪುಡಿ. ಪ್ರೊಫೆಸರ್ ಅದಕ್ಕೆ ಬೇರೆ ಸೀಸೆ ತರಿಸಿದರು, ಫ್ರಿಜ್ಜಿನಲ್ಲಿ ಬೇರೆ ಅರೆ ಕೊಡಿಸಿದರು, ಬೇರೆ ಡಬ್ಬಿ ಅದರ ಪಕ್ಕ ಇಟ್ಟರೆ ಗದರಿದರು. ಇದನ್ನೆಲ್ಲ ನೋಡುತ್ತಿದ್ದ ಕಿರಿಯವಳ ಬಾಯಿಂದ ತಾನಾಗಿ ಬಂತು: "ಮನೆಗೆ ಬಂದ ಅಳಿಯನ ಹಾಗೆ."

ಉದ್ದಣ್ಣನಿಗೆ ಕೇಳಿಸಿತು. ಸಂಜೆಯೊಳಗೆ ಮಹಡಿಗೆ ಮಹಡಿಯೇ ಒಂಬತ್ತನೆಯದನ್ನು ಅಳಿಯ ಎಂದು ಕರೆಯತೊಡಗಿತು. ಪ್ರೊಫೆಸರರೂ ನಕ್ಕು ಒಪ್ಪಿಕೊಂಡರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಇಲ್ಲಿ ಹೆತ್ತವನು ಉದ್ದಣ್ಣ, ಮುದ್ದು ಮಾತ್ರ ಪ್ರೊಫೆಸರರದ್ದು.

ಅಳೆಯುವ ಕೆಲಸ ಕಿರಿಯವಳ ಪಾಲಿನದು. ಮಾತು ಬೇಡದ ಕೆಲಸವೆಂದು ಅವಳೇ ಆರಿಸಿಕೊಂಡದ್ದು. ಕೊಬ್ಬಿನ ಸಣ್ಣ ಸಣ್ಣ ಗುಳ್ಳೆಗಳನ್ನು ಮಾಡಿ ಹೊಟ್ಟೆಯೊಳಗೆ ಉಪ್ಪುನೀರು ತುಂಬುವುದು. ಇವು ಸುಳ್ಳು ರೋಗಾಣುಗಳು. ಕ್ಲೋರೈಡ್ ಇಲ್ಲದ ನೀರಿರುವ ಪುಟ್ಟ ಗಾಜಿನ ಲೋಟದಲ್ಲಿ ಅವನ್ನು ತೇಲಿಬಿಟ್ಟು, ತಳದಲ್ಲಿ ಬಿಳಿಯ ಹೊದಿಕೆಯ ಮ್ಯಾಗ್ನೆಟ್ ತುಂಡೊಂದನ್ನು ತಿರುಗಲು ಬಿಡುವುದು. ಅದು ನೀರನ್ನು ಕಲಕುತ್ತಿರುತ್ತದೆ. ಮೇಲಿನಿಂದ ಕ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಕಡ್ಡಿ ಇಳಿಸುವುದು. ಅಣುವಿನ ಒಂದು ತೊಟ್ಟು ಬಿಟ್ಟಾಗ ಗುಳ್ಳೆಯೊಳಗಿನ ಉಪ್ಪು ಹೊರಬಂದರೆ ಪರದೆಯ ಮೇಲಿನ ಗೆರೆ ಏರುತ್ತದೆ, ಬರದಿದ್ದರೆ ಮಲಗಿರುತ್ತದೆ. ಒಟ್ಟು ಎಷ್ಟು ಉಪ್ಪಿತ್ತು ಎಂಬುದೂ ಗೊತ್ತಾಗಬೇಕಲ್ಲ, ಅದಕ್ಕೆ ಪ್ರತಿ ಸರದಿಯ ಕೊನೆಗೆ ಒಂದು ತೊಟ್ಟು ಸೋಪಿನ ದ್ರಾವಣ ಬಿಟ್ಟು ಗುಳ್ಳೆಗಳನ್ನೆಲ್ಲ ಒಡೆದುಬಿಡುವುದು. ಆಮೇಲೆ ಲೋಟ, ಮ್ಯಾಗ್ನೆಟ್, ಕಡ್ಡಿ ಮೂರನ್ನೂ ನೀರಿನಲ್ಲಿ ತೊಳೆದು ಮುಂದಿನ ಸರದಿ. ದಿನದ ಕೆಲಸ ಮುಗಿದರೆ ಮೂರನ್ನೂ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕುವುದು. ನೀರಿನಲ್ಲಿ ಮಾತ್ರ. ಸ್ಪಿರಿಟ್ ತಾಗಿದರೆ ಕಡ್ಡಿ ಕೆಡುತ್ತದೆಂದು ಯಾವ ಕಾಲದಲ್ಲೋ ಪ್ರೊಫೆಸರ್ ಹೇಳಿದ್ದರು. ಹೇಳಿದ್ದು ಕಡ್ಡಿಯ ಬಗ್ಗೆ. ಆದರೆ ದೊಡ್ಡವರ ಮಾತು, ಲೋಟಕ್ಕೂ ಮ್ಯಾಗ್ನೆಟ್ಟಿಗೂ ಅನ್ವಯವಾಗಲಿ ಎಂದು ಎಲ್ಲರೂ ಗೌರವದಿಂದ ಹಿಗ್ಗಿಸಿಕೊಂಡಿದ್ದರು.

ಸರದಿಗೂ ಒಂದು ಕ್ರಮವಿತ್ತು. ಬೆಳಿಗ್ಗೆ ಮೊದಲು ಬರೀ ದ್ರಾವಕ, ಅಂದರೆ ಅಣುವಿಲ್ಲದ ಖಾಲಿ ತೊಟ್ಟು. ಆಮೇಲೆ ಗಿಡ್ಡ. ಆಮೇಲೆ ಸಂಖ್ಯೆಯ ಪ್ರಕಾರ ಉಳಿದವು. ಅಳಿಯ ಯಾವಾಗಲೂ ಕೊನೆಗೆ, ಯಾಕೆಂದರೆ ಪ್ರೊಫೆಸರ್ ಟೀ ಕುಡಿದು ಬಂದು ಕುರ್ಚಿ ಎಳೆದುಕೊಂಡು, ಗೆರೆ ಏರುವುದನ್ನು ಕಣ್ತುಂಬ ನೋಡಬೇಕು.

"ಬಿಡಮ್ಮಾ, ಅಳಿಯನ್ನ ಒಳಗೆ ಬಿಡು," ಎನ್ನುತ್ತಿದ್ದರು. ಗೆರೆ ಜಿಗ್ಗನೆ ಏರುತ್ತಿತ್ತು. "ನೋಡ್ದೆಯಾ ನಡಿಗೆ? ಇದಕ್ಕೆ ಹೇಳೋದು ಬಾಲದ ಬಲ!"

ಬಾಲ ಉದ್ದವಾದಷ್ಟೂ ಅಣು ಚುರುಕು. ಗಿಡ್ಡ ಎಲ್ಲಕ್ಕಿಂತ ಸೋಮಾರಿ, ಅಳಿಯ ಎಲ್ಲಕ್ಕಿಂತ ಶೂರ. ಪ್ರೊಫೆಸರ್ ಇದಕ್ಕೆ ಬಾಲದ ನಿಯಮ ಎಂದು ಹೆಸರಿಟ್ಟು ಎರಡು ಲೇಖನ ಬರೆದಿದ್ದರು. ಕಿರಿಯವಳ ಥೀಸಿಸ್ ನಿಂತಿದ್ದದ್ದೂ ಅದೇ ನಿಯಮದ ಮೇಲೆ. ಬರೆದು ಮುಗಿದಿತ್ತು, ರಟ್ಟು ಹಾಕಿಸಿಯಾಗಿತ್ತು. ಬಾಕಿ ಇದ್ದದ್ದು ಪ್ರೊಫೆಸರರ ಸಹಿ. ಹೊರಗಿನಿಂದ ಪರಿಶೀಲನೆಯ ತಂಡ ಬರುವುದಿತ್ತು. ಅವರೆದುರು ಅಳಿಯನ ಪ್ರದರ್ಶನ ಮುಗಿದ ಕೂಡಲೇ ಸಹಿ ಎಂದು ಮಾತಾಗಿತ್ತು.

ಇಷ್ಟೆಲ್ಲ ಸಂಭ್ರಮದಲ್ಲಿ ಒಂದೇ ಒಂದು ಕೊರತೆ: ರೋಗಾಣುಗಳು ಸಾಯುತ್ತಿರಲಿಲ್ಲ.

ನಿಜವಾದ ರೋಗಾಣುಗಳನ್ನು ಸಾಕುತ್ತಿದ್ದವಳು ಕೆಳಮಹಡಿಯ ಕ್ರಿಮಿಯಕ್ಕ. ಅವಳ ಬಾಯಿಗೂ ಕಿರಿಯವಳ ಬಾಯಿಗೂ ಸರಾಸರಿ ಹಾಕಿದ್ದರೆ ಇಬ್ಬರು ಸಾಮಾನ್ಯ ಹೆಂಗಸರು ಸಿಗುತ್ತಿದ್ದರು. ಅವಳು ಕೈಯಲ್ಲಿ ಗಾಜಿನ ತಟ್ಟೆಗಳನ್ನು ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದಳು.

"ಸರ್, ನಿಮ್ಮಳಿಯ ಬಂದ, ಕೂತ, ಉಂಡ, ಎದ್ದು ಹೋದ. ನನ್ನ ಕ್ರಿಮಿಗಳಿಗೆ ಒಂದು ಸೀನೂ ಬಂದಿಲ್ಲ."

"ನಿಮ್ಮ ಕ್ರಿಮಿಗಳೇ ಸರಿ ಇಲ್ಲ ಕಣ್ರೀ. ಗುಳ್ಳೆಯಲ್ಲಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ಬಂದು ನೋಡಿ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

"ಏನಂದ್ರಿ?"

"ಏನಿಲ್ಲ ಸರ್, ತಟ್ಟೆ ಡೊಂಕಾಗಿದೆ ಅಂದೆ."

ಕಿರಿಯವಳು ತಲೆ ತಗ್ಗಿಸಿ ಲೋಟ ತೊಳೆಯುತ್ತಿದ್ದಳು. ಅವಳಿಗೆ ಕ್ರಿಮಿಗಳು ಸಾಯಬೇಕಿತ್ತು. ಅವಳು ಕಾಲೇಜಿನಲ್ಲಿದ್ದಾಗ ಅಪ್ಪನ ಕಾಲಿಗೆ ಗಾಯವಾಗಿ, ಡಾಕ್ಟರು ಔಷಧಿಯ ಮೇಲೆ ಔಷಧಿ ಬದಲಾಯಿಸಿ, ಒಂದಕ್ಕೂ ಬಗ್ಗದ ಸೋಂಕು ಕೊನೆಗೆ ಒಂದು ಬೆರಳನ್ನು ತೆಗೆದುಕೊಂಡೇ ಹೋಗಿತ್ತು. ಅಪ್ಪ ಅದನ್ನು ಹಗುರವಾಗಿ ಆಡುತ್ತಿದ್ದ. "ನನ್ನ ಬೆರಳು ತಿಂದವರಿಗೆ ನೀನೇ ಬುದ್ಧಿ ಕಲಿಸಬೇಕು ಮಗಳೇ," ಎಂದು ಒಮ್ಮೆ ಹೇಳಿದ್ದ. ಅಪ್ಪ ಆಡಿದ ಉದ್ದನೆಯ ಮಾತುಗಳಲ್ಲಿ ಅದೂ ಒಂದು. ಅವನೂ ಮಾತಿನಲ್ಲಿ ಅವಳ ಅಪ್ಪನೇ.

ಮನೆಯಲ್ಲಿ ಮಾತಿನ ಹೊಣೆ ಹೊತ್ತಿದ್ದವನು ಅಕ್ಕನ ಗಂಡ, ಭಾವ. ನಿಜವಾದ ಅಳಿಯ. ಯಾವುದೋ ವ್ಯಾಪಾರ ಶುರು ಮಾಡುವ ಮುನ್ನ ಸ್ವಲ್ಪ ದಿನ ಇದ್ದು ಹೋಗುತ್ತೇನೆಂದು ಬಂದವನು, ಆ ಸ್ವಲ್ಪ ದಿನ ಇನ್ನೂ ಮುಗಿದಿರಲಿಲ್ಲ. ಫ್ಯಾನಿನ ಕೆಳಗಿನ ಕುರ್ಚಿ ಅವನದು. ಮೊದಲ ತಟ್ಟೆ ಅವನದು. ನಾದಿನಿ ಔಷಧಿ ಕಂಡುಹಿಡಿಯುತ್ತಿದ್ದಾಳೆಂದು ತಿಳಿದಾಗಿನಿಂದ ವ್ಯಾಪಾರ ಯಾವುದೆಂಬ ಪ್ರಶ್ನೆಯೂ ಬಗೆಹರಿದಿತ್ತು.

"ಔಷಧಿ ಕಂಡುಹಿಡಿಯೋದು ದೊಡ್ಡ ಕೆಲಸ ಅಲ್ಲ ಅತ್ತೆ," ಎಂದು ಅಮ್ಮನಿಗೆ ಹೇಳುತ್ತಿದ್ದ. "ಮಾರೋದು ಅಲ್ವಾ ಕಷ್ಟ? ಅದನ್ನ ನನಗೆ ಬಿಡಿ. ಹೆಸರೂ ನಾನೇ ಇಡ್ತೀನಿ."

"ಇಡಪ್ಪ, ನೀನಲ್ಲದೆ ಇನ್ಯಾರು ಇಡ್ತಾರೆ," ಎನ್ನುತ್ತಿದ್ದಳು ಅಮ್ಮ. ಔಷಧಿಗೆ ಈಗಾಗಲೇ ಇದ್ದ ಹೆಸರು ಕೇಳಿದರೆ ಇವರ ಮುಖ ಹೇಗಾದೀತು ಎಂದು ಕಿರಿಯವಳು ಅನ್ನ ಕಲಸುತ್ತಾ ಯೋಚಿಸುತ್ತಿದ್ದಳು.

ಪರಿಶೀಲನೆಗೆ ಇನ್ನೊಂದು ವಾರವಿದ್ದಾಗ ಒಂದು ಸಂಜೆ ಊಟಕ್ಕೆ ಕೂತಿದ್ದರು. ಅಮ್ಮ ಉಪ್ಪಿನ ಭರಣಿ ಹಿಡಿದುಕೊಂಡು ಬಂದಳು. ಗಾಜಿನ ಭರಣಿ, ತಿರುಗಿಸುವ ತಗಡಿನ ಮುಚ್ಚಳ. ಉಪ್ಪಿನ ತೇವಕ್ಕೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

"ಇದ್ಯಾಕೋ ಬರ್ತಾನೇ ಇಲ್ಲ ನೋಡಿ."

ಅಪ್ಪ ಟವೆಲ್ಲು ಸುತ್ತಿ ತಿರುವಿದ. ಆಗಲಿಲ್ಲ. ಅಕ್ಕ ಚಮಚದಿಂದ ಮುಚ್ಚಳದ ಅಂಚನ್ನು ಸುತ್ತಲೂ ಕುಟ್ಟಿದಳು. ಕಿರಿಯವಳು ಎದ್ದುಹೋಗಿ ಬಿಸಿನೀರು ಸುರಿದು ತಂದು, ಅಂಗೈ ಕೆಂಪಾಗುವವರೆಗೆ ತಿರುವಿದಳು. ಮುಚ್ಚಳ ಕಿರ್ ಎಂದು ಕೂದಲೆಳೆಯಷ್ಟು ಸರಿಯಿತು. ಇನ್ನೊಂದು ಪಟ್ಟು ಹಾಕುವುದರೊಳಗೆ ಅಮ್ಮ ಕೈಯಿಂದ ಕಿತ್ತುಕೊಂಡಳು.

"ನಿನ್ನ ಕೈಲಿ ಎಲ್ಲಿ ಆಗುತ್ತೆ, ಬಿಡು. ಭಾವನಿಗೆ ಕೊಡ್ತೀನಿ."

ಭಾವ ಮೊಬೈಲು ಕೆಳಗಿಟ್ಟ. ಎರಡೇ ಬೆರಳಲ್ಲಿ ಮುಚ್ಚಳ ಹಿಡಿದ. ತಿರುಗಿಸಿದ. ಬಂತು.

"ಟೆಕ್ನಿಕ್ ಬೇಕು ಅತ್ತೆ, ಟೆಕ್ನಿಕ್."

"ಗಂಡಸಿನ ಕೈ ಅಂದ್ರೆ ಗಂಡಸಿನ ಕೈ," ಎಂದಳು ಅಮ್ಮ. ಅಪ್ಪ ಒಮ್ಮೆ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡು ಊಟ ಮುಂದುವರಿಸಿದ.

ಕಿರಿಯವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಬಂದದ್ದು ಬೇರೆ ಏನೋ. ಕೊನೆಗೆ ಕೈಹಾಕಿದವನು. ಅಷ್ಟು ಹೊತ್ತಿಗೆ ಎಲ್ಲರ ಕೈಯೂ ಬಿದ್ದು ಸಡಿಲವಾದದ್ದಕ್ಕೆ ಕೊನೆಯಲ್ಲಿ ಕೈಹಾಕಿದವನು. ನಮ್ಮ ಅಳಿಯನೂ ಯಾವಾಗಲೂ ಕೊನೆಯಲ್ಲೇ ಬರುತ್ತಾನಲ್ಲ, ಅವನಿಗಿಂತ ಮೊದಲು ಮುಚ್ಚಳ ಸಡಿಲಿಸುವವರು ಯಾರು?

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅಷ್ಟೆಲ್ಲ ಒದ್ದಾಡಿ ತೆಗೆದ ಉಪ್ಪನ್ನು ಹಾಕಿಕೊಳ್ಳುವುದನ್ನು ಅವಳು ಮರೆತೇಬಿಟ್ಟಳು.

ಮರುದಿನ ಎಲ್ಲರಿಗಿಂತ ಮೊದಲು ಪ್ರಯೋಗಾಲಯದ ಬಾಗಿಲು ತೆಗೆದವಳು ಅವಳೇ. ಪೊಟ್ಟಣದಿಂದ ಹೊಸ ಮ್ಯಾಗ್ನೆಟ್ ತೆಗೆದಳು, ಹೊಸ ಲೋಟ ತೆಗೆದಳು, ಕಡ್ಡಿಯನ್ನು ಮತ್ತೆ ಮತ್ತೆ ನೀರು ಬದಲಾಯಿಸಿ ನೆನೆಸಿಟ್ಟಳು. ಅಳಿಯನನ್ನು ಜೀವಮಾನದಲ್ಲೇ ಮೊದಲ ಬಾರಿಗೆ ಮೊದಲ ಸರದಿಗೆ ಕರೆದಳು.

ಗೆರೆ ಮಲಗಿತ್ತು. ಅಳಿಯ ಬಂದ ಸುದ್ದಿಯೇ ಅದಕ್ಕೆ ಮುಟ್ಟಿದ ಹಾಗಿರಲಿಲ್ಲ.

ಗಿಡ್ಡನಿಗೂ ಹೊಸ ಲೋಟ, ಹೊಸ ಮ್ಯಾಗ್ನೆಟ್. ಗಿಡ್ಡ ಎಂದಿನಂತೆ ನಿಧಾನವಾಗಿ, ಬಸ್ಸಿಗೆ ಅವಸರವಿಲ್ಲದವನಂತೆ ಮೇಲಕ್ಕೆ ನಡೆದ. ಆದರೆ ನಡೆದ. ಆಮೇಲೆ ಅವಳು ಒಂದು ಕಿತಾಪತಿ ಮಾಡಿದಳು. ನಿತ್ಯದ ಹಳೆಯ ಮ್ಯಾಗ್ನೆಟ್ಟನ್ನೇ ಹಾಕಿ, ನಿತ್ಯದಂತೆ ನೀರಿನಲ್ಲೇ ತೊಳೆಯುತ್ತಾ, ಸರದಿ ಸರದಿಗೂ ಸೋಪು ಬಿಡುತ್ತಾ ಎಂಟು ಅಣುಗಳನ್ನು ದಾಟಿಸಿ, ಕೊನೆಗೆ ಅಳಿಯನ ಜಾಗದಲ್ಲಿ ಬರೀ ದ್ರಾವಕ ಬಿಟ್ಟಳು. ಖಾಲಿ ತೊಟ್ಟು.

ಗೆರೆ ಜಿಗ್ಗನೆ ಏರಿತು. ಅದೇ ನಡಿಗೆ. ಬಾಲವೇ ಇಲ್ಲದ, ತೋಳೇ ಇಲ್ಲದ, ಏನೆಂದರೆ ಏನೂ ಇಲ್ಲದ್ದು ಅಳಿಯನಷ್ಟೇ ಚೆನ್ನಾಗಿ ಕೆಲಸ ಮಾಡಿತ್ತು.

ಸೋಪು. ರಾತ್ರಿಯಿಡೀ ನೆನೆದರಷ್ಟೇ ಬಿಡುವ, ನಡುವಿನ ತೊಳೆತಕ್ಕೆ ಜಗ್ಗದೆ ಮ್ಯಾಗ್ನೆಟ್ಟಿನ ಹೊದಿಕೆಗೆ ಅಂಟಿಕೊಂಡು, ಸರದಿಯಿಂದ ಸರದಿಗೆ ಹೆಚ್ಚುತ್ತಾ, ಗುಳ್ಳೆಗಳನ್ನು ಸದ್ದಿಲ್ಲದೆ ಸೋರಿಸುತ್ತಿದ್ದದ್ದು ಸೋಪು. ಬಾಲ ಉದ್ದವಾದಷ್ಟೂ ಸರದಿ ಹಿಂದೆ, ಸರದಿ ಹಿಂದಾದಷ್ಟೂ ಸೋಪು ಹೆಚ್ಚು. ಬಾಲದ ನಿಯಮ ನಿಯಮವೇ ಹೌದು. ಬಾಲದ್ದು ಮಾತ್ರ ಅಲ್ಲ. ಕ್ರಿಮಿಯಕ್ಕನ ತಟ್ಟೆಗಳಲ್ಲಿ ಮ್ಯಾಗ್ನೆಟ್ ಇರಲಿಲ್ಲ, ಸೋಪೂ ಇರಲಿಲ್ಲ. ಅವಳ ಕ್ರಿಮಿಗಳು ಇಷ್ಟು ಕಾಲವೂ ಸತ್ಯವನ್ನೇ ಹೇಳುತ್ತಾ ಬದುಕಿದ್ದವು.

ಕಿರಿಯವಳು ಹಳೆಯ ಮ್ಯಾಗ್ನೆಟ್ಟನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದಳು. ಅಷ್ಟೂ ಕಾಲ ತೊಳೆದವಳು ಅವಳೇ. ಹೇಳಿದರೆ ಥೀಸಿಸ್ ಹೋಗುತ್ತದೆ. ಹೇಳದಿದ್ದರೆ ಸಹಿ ಬೀಳುತ್ತದೆ, ಅಳಿಯ ಮೆರೆಯುತ್ತಾನೆ, ಯಾರದೋ ಅಪ್ಪನ ಕಾಲ್ಬೆರಳು ಕಾಯುತ್ತಾ ಕೂರುತ್ತದೆ. ಹೇಳಬೇಕು ಎಂದು ಆ ಕ್ಷಣವೇ ನಿಶ್ಚಯವಾಯಿತು. ಹೇಳುವುದು ಹೇಗೆ ಎಂಬುದಷ್ಟೇ ಉಳಿಯಿತು, ಮತ್ತು ಅವಳ ಮಟ್ಟಿಗೆ ಅದೇ ಬೆಟ್ಟ.

ಮೊದಲು ಉದ್ದಣ್ಣನಿಗೆ ತೋರಿಸಿದಳು. ತೋರಿಸುವುದು ಸುಲಭ, ಪರದೆಯತ್ತ ಬೆರಳು ಮಾಡಿದರಾಯಿತು. ಉದ್ದಣ್ಣ ಬಗ್ಗಿ ನೋಡಿದ, ಮತ್ತೂ ಬಗ್ಗಿ ನೋಡಿದ, ಆಮೇಲೆ ನೆಟ್ಟಗೆ ನಿಂತು ಬಾಗಿಲು ಮುಚ್ಚಿ ಬಂದ.

"ಇದನ್ನ ಯಾರಿಗಾದ್ರೂ ತೋರಿಸಿದೀಯಾ ತಾಯಿ?"

ಇಲ್ಲವೆಂದು ತಲೆಯಾಡಿಸಿದಳು.

"ಬಾಲ ಬೆಳೆಸಿದೋನು ನಾನು. ನನಗೆ ಎಷ್ಟು ಉರೀಬೇಡ ಹೇಳು. ಆದ್ರೂ ಹೇಳ್ತೀನಿ ಕೇಳು. ಸಹಿ ಹಾಕಿಸ್ಕೋ. ಡಿಗ್ರಿ ತಗೋ. ಆಮೇಲೆ ಊರೆಲ್ಲ ಕೇಳೋ ಹಾಗೆ ಕೂಗು."

"ಆಮೇಲೆ ಯಾರೂ ಕೂಗಲ್ಲ ಅಣ್ಣ."

"ನೀನು ಮಾತಾಡೋದೇ ಅಪರೂಪ. ಆಡಿದ್ರೆ ಹೀಗೆ ಕುತ್ತಿಗೆಗೇ ಬರೋ ಮಾತು," ಎಂದು ಉದ್ದಣ್ಣ ಹೊರಟುಹೋದ. ಹೋಗುವಾಗ ತಲೆ ತಗ್ಗಿಸುವುದನ್ನು ಮರೆತು ಬಾಗಿಲಿಗೆ ಹಣೆ ಬಡಿದುಕೊಂಡ.

ಪ್ರೊಫೆಸರರ ಕೋಣೆಗೆ ಅವಳು ಎರಡು ಸಲ ಹೋದಳು. ಮೊದಲ ಸಲ ಅವರು ಫೋನಿನಲ್ಲಿದ್ದರು. ಕೈಸನ್ನೆಯಲ್ಲೇ ಏನೆಂದು ಕೇಳಿದರು, ಅವಳು ಕೈಸನ್ನೆಯಲ್ಲೇ ಏನಿಲ್ಲವೆಂದಳು. ಎರಡನೆಯ ಸಲ "ಸರ್, ಅಳಿಯ..." ಎನ್ನುವಷ್ಟು ಮುಂದುವರಿದಳು. ಆ ಹೆಸರು ಕೇಳಿದ್ದೇ ಅವರ ಮುಖ ಅರಳಿತು. ಅಳಿಯನ ಭವಿಷ್ಯದ ಬಗ್ಗೆ ಅವರು ಬಹಳ ಹೊತ್ತು ಮಾತಾಡಿದರು. ಅವಳು ಹೊರಬಂದಾಗ ಸ್ಲೈಡುಗಳ ಬಣ್ಣ ಇನ್ನಷ್ಟು ಗಾಢ ಮಾಡುತ್ತೇನೆಂದು ಒಪ್ಪಿಕೊಂಡು ಬಂದಿದ್ದಳು.

ಪರಿಶೀಲನೆಯ ಹಿಂದಿನ ದಿನ ತಾಲೀಮು. ಪ್ರೊಫೆಸರ್ ಅಕ್ಕಪಕ್ಕದ ಪ್ರಯೋಗಾಲಯದವರನ್ನೆಲ್ಲ ಕರೆದಿದ್ದರು. ಕ್ರಿಮಿಯಕ್ಕ ಕೈಕಟ್ಟಿ ಗೋಡೆಗೆ ಒರಗಿ ನಿಂತಿದ್ದಳು. ಖಾಲಿ ತೊಟ್ಟು, ಗಿಡ್ಡ, ಮಧ್ಯದವು ಎಲ್ಲ ಸರದಿಯಂತೆ ನಡೆದವು. ಬಾಲ ಬೆಳೆಯುತ್ತಿದ್ದಂತೆ ಗೆರೆಯೂ ಬೆಳೆಯಿತು. ಆಮೇಲೆ ಟೀ.

ಟೀ ಹೊತ್ತಿನಲ್ಲೇ ಹೇಳಬೇಕೆಂದು ಕಿರಿಯವಳು ಗಟ್ಟಿ ಮಾಡಿಕೊಂಡಿದ್ದಳು. ಹೋಗಿ ಅವರ ಪಕ್ಕದಲ್ಲಿ ನಿಂತಳು.

"ಹೇಳಮ್ಮಾ. ಸಕ್ಕರೆ ಬೇಕಾ?"

"ಬೇಡ ಸರ್."

ಹೇಳಲು ಸಾಧ್ಯವಾದದ್ದು ಅಷ್ಟೇ. ಪ್ರೊಫೆಸರ್ ಲೋಟ ಕೆಳಗಿಟ್ಟು ಕುರ್ಚಿ ಎಳೆದುಕೊಂಡರು. "ಈಗ ನೋಡಿ. ಬಿಡಮ್ಮಾ, ಅಳಿಯನ್ನ ಒಳಗೆ ಬಿಡು."

ಮೇಜಿನ ಮೇಲೆ ಎರಡು ಪುಟ್ಟ ಸೀಸೆಗಳು. ಒಂದರಲ್ಲಿ ದ್ರಾವಕದಲ್ಲಿ ಕರಗಿದ ಅಳಿಯ, ಇನ್ನೊಂದರಲ್ಲಿ ಬರೀ ದ್ರಾವಕ. ಎರಡೂ ನೀರಿನಂತೆ ತಿಳಿ. ಕೆಲವರಿಗೆ ಬಾಯಿಗಿಂತ ಕೈಗೇ ಧೈರ್ಯ ಹೆಚ್ಚು. ಅವಳ ಕೈ ಎರಡನೆಯ ಸೀಸೆಯನ್ನು ಎತ್ತಿಕೊಂಡಿತು, ತೊಟ್ಟು ಬಿಟ್ಟಿತು.

ಗೆರೆ ಜಿಗ್ಗನೆ ಏರಿತು.

ಚಪ್ಪಾಳೆ ಬಿತ್ತು. "ನಡಿಗೆ ನೋಡಿ ನಡಿಗೆ!" ಎಂದು ಪ್ರೊಫೆಸರ್ ಎದ್ದುನಿಂತರು. "ನಾಳೆ ಇದೇ ಥರ ಆಗ್ಲಿ. ಇದಕ್ಕೆ ಹೇಳೋದು—"

"ಸರ್. ಅದರಲ್ಲಿ ಅಳಿಯ ಇರ್ಲಿಲ್ಲ."

ಯಾರು ಮಾತಾಡಿದ್ದೆಂದು ತಿಳಿಯದೆ ಇಬ್ಬರು ಮೂವರು ಹಿಂದೆ ತಿರುಗಿ ನೋಡಿದರು.

"ಏನು?"

"ಏನೂ ಇರ್ಲಿಲ್ಲ ಸರ್. ಬರೀ ದ್ರಾವಕ ಬಿಟ್ಟೆ."

"ಮತ್ತೆ ಇದು ಏರಿದ್ದು?"

"ಸೋಪು."

ಒಂದು ತೊಟ್ಟು ಬಿದ್ದರೆ ಸಾಕು, ಗುಳ್ಳೆಯೊಳಗಿದ್ದದ್ದೆಲ್ಲ ಹೊರಗೆ. ಮ್ಯಾಗ್ನೆಟ್ಟಿನ ಕಥೆ, ನೀರಿನಲ್ಲಿ ತೊಳೆಯುವ ಕಥೆ, ಸರದಿಯ ಕಥೆ, ಟೀಯ ಕಥೆ, ತಾನು ಎರಡು ಸಲ ಕೋಣೆಗೆ ಬಂದು ಹೋದ ಕಥೆ, ಎಲ್ಲವನ್ನೂ ಅವಳು ಒಂದೇ ಉಸಿರಿಗೆ ಹೇಳಿದಳು. ಸೇರಿದಾಗಿನಿಂದ ಆಡಿದ ಮಾತನ್ನೆಲ್ಲ ಒಟ್ಟುಹಾಕಿದರೂ ಅಷ್ಟಾಗುತ್ತಿರಲಿಲ್ಲ. ಮುಗಿದಾಗ ಕೋಣೆಯಲ್ಲಿ ಮ್ಯಾಗ್ನೆಟ್ ಲೋಟದ ತಳಕ್ಕೆ ತಾಗಿ ಟಿಕಟಿಕ ಎನ್ನುವುದಷ್ಟೇ ಕೇಳುತ್ತಿತ್ತು.

ಕ್ರಿಮಿಯಕ್ಕ ಗಂಟಲು ಸರಿಪಡಿಸಿಕೊಂಡಳು. "ಮೊದಲು ನನ್ನ ಕ್ರಿಮಿಗಳ ಮೇಲೆ ಹೊರಿಸಿದ ಅಪವಾದ ವಾಪಸ್ ತಗೊಳ್ಳಿ ಸರ್."

ಯಾರೋ ನಗಲು ಹೋಗಿ ಕೆಮ್ಮಿದರು. ಪ್ರೊಫೆಸರ್ ನಗಲಿಲ್ಲ. "ಎಲ್ಲರೂ ಸ್ವಲ್ಪ ಆಚೆ ಇರಿ. ನೀನು ಇರಮ್ಮಾ."

ಬಾಗಿಲು ಮುಚ್ಚಿದ ಮೇಲೆ ಅವರು ತೋಳು ಮಡಚಿದರು. ತಾವೇ ಮ್ಯಾಗ್ನೆಟ್ಟನ್ನೂ ಲೋಟವನ್ನೂ ಸ್ಪಿರಿಟ್ಟಿನಲ್ಲಿ ಉಜ್ಜಿ ಉಜ್ಜಿ ತೊಳೆದರು. ಆ ಕೆಲಸ ಮಾಡಿ ಎಷ್ಟೋ ಕಾಲವಾಗಿದ್ದರಿಂದ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡರು. ಕಡ್ಡಿಯನ್ನು ನೀರಿನಲ್ಲಿ ನೆನೆಸಿ ಕಾದರು. ಅಳಿಯನ ಸೀಸೆಯಿಂದ ತಾವೇ ತೊಟ್ಟು ಬಿಟ್ಟರು. ಗೆರೆ ಮಲಗಿತ್ತು. ಇನ್ನೊಮ್ಮೆ ಬಿಟ್ಟರು. ಮಗ್ಗುಲು ಕೂಡ ಬದಲಾಯಿಸಲಿಲ್ಲ.

"ಬಾಲದ ಮೇಲೆ ಎರಡು ಲೇಖನ ಬರೆದಿದ್ದೀನಮ್ಮಾ."

"ಹೌದು ಸರ್."

"ನಿನ್ನ ಹೆಸರೂ ಇದೆ ಅದರಲ್ಲಿ."

"ಹೌದು ಸರ್."

"ವಾಪಸ್ ತಗೋಬೇಕು. ನಿನ್ನ ಥೀಸಿಸ್‌ಗೆ ಸಹಿ ಹಾಕೋಕಾಗಲ್ಲ. ಎಲ್ಲಾ ಮೊದಲಿಂದ ಅಳೀಬೇಕು."

"ಗೊತ್ತು ಸರ್."

ಅವರು ಆರಿದ ಟೀಯನ್ನು ಎತ್ತಿ ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಗೊತ್ತಿದ್ದೂ ಹೇಳಿದೆಯಲ್ಲ," ಎಂದರು. ಹೊಗಳಿದ್ದೋ ಬೈದದ್ದೋ ಅವಳಿಗೆ ತಿಳಿಯಲಿಲ್ಲ. ಅವರಿಗೂ ತಿಳಿದಿರಲಾರದು.

ಮರುದಿನ ಪರಿಶೀಲನೆಯ ತಂಡದ ಎದುರು ಬಾಲದ ನಿಯಮ ಬಾಲ ಮುದುರಿಕೊಂಡು ಮೂಲೆ ಸೇರಿತು. ಪ್ರೊಫೆಸರ್ ಸ್ವಂತ ತಪ್ಪನ್ನು ಎಷ್ಟು ಸೊಗಸಾಗಿ ವರ್ಣಿಸಿದರೆಂದರೆ, ಅಂಥ ತಪ್ಪು ತಮಗೂ ಒದಗಬಾರದಿತ್ತೇ ಎಂದು ಕೇಳಿದವರಿಗೆ ಅನ್ನಿಸಿರಬೇಕು. "ನಾವೇ ನಮ್ಮನ್ನು ಅನುಮಾನಿಸಿಕೊಂಡೆವು," ಎಂದರು ಅವರು. ತಂಡದ ಮುಖ್ಯಸ್ಥೆ ಕನ್ನಡಕ ತೆಗೆದು, ಇಂಥ ಪ್ರಾಮಾಣಿಕತೆ ಈಗಿನ ಕಾಲದಲ್ಲಿ ಅಪರೂಪ ಎಂದು ಅವರ ಕೈ ಕುಲುಕಿದರು. ಅನುಮಾನಿಸಿದವಳು ಕತ್ತಲಲ್ಲಿ ಕೂತು ಸ್ಲೈಡು ಮುಂದಕ್ಕೆ ಒತ್ತುತ್ತಿದ್ದಳು. ಬಣ್ಣ ಗಾಢವಾಗಿ ಚೆನ್ನಾಗಿ ಬಂದಿತ್ತು.

ಮನೆಯಲ್ಲಿ ಸುದ್ದಿ ಹೇಳಿದಾಗ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬಾಯಿ ಬಿಡೇ ಬಿಡೇ ಅಂತ ಇಷ್ಟು ವರ್ಷ ಬಡ್ಕೊಂಡೆ. ಬಿಟ್ಟೆ ನೋಡು, ಬಿಡಬಾರದ ಕಡೆ!"

"ನಾನು ಮೊದಲೇ ಹೇಳಿದ್ದೆ," ಎಂದ ಭಾವ. ಏನು ಹೇಳಿದ್ದನೆಂದು ಯಾರೂ ಕೇಳಲಿಲ್ಲ. ಅವನು ಆಗಲೇ ಬೇರೆ ವ್ಯಾಪಾರದ ಯೋಚನೆಯಲ್ಲಿದ್ದ, ಸೋಪಿನದಂತೆ.

ಊಟದ ಹೊತ್ತಿಗೆ ಭರಣಿಯ ಮುಚ್ಚಳ ಮತ್ತೆ ಕಚ್ಚಿಕೊಂಡಿತ್ತು. ಅಮ್ಮ ಅದನ್ನು ನೇರವಾಗಿ ಫ್ಯಾನಿನ ಕೆಳಗಿನ ಕುರ್ಚಿಯತ್ತ ಒಯ್ಯುವಾಗ ಅಪ್ಪ ಕೈಚಾಚಿ ತೆಗೆದುಕೊಂಡು ಕಿರಿಯವಳ ಮುಂದಿಟ್ಟ.

"ತೆಗಿ."

ಅವಳು ತಿರುವಿದಳು, ಬಿಸಿನೀರು ಸುರಿದಳು, ಮತ್ತೆ ತಿರುವಿದಳು. ತಡವಾಯಿತು, ಸಾರು ಆರಿತು. ಆದರೆ ಯಾರೂ ಕಿತ್ತುಕೊಳ್ಳಲಿಲ್ಲ, ಅಪ್ಪ ಹಾಗೆ ನೋಡುತ್ತಾ ಕೂತಿದ್ದ. ಮುಚ್ಚಳ ಬಂತು.

"ಅವತ್ತೂ ನೀನೇ ತೆಗೆದದ್ದು," ಎಂದ ಅಪ್ಪ ಮೆಲ್ಲಗೆ. "ಕಿರ್ ಅಂದದ್ದು ನನಗೆ ಕೇಳಿಸಿತ್ತು."

"ಮತ್ತೆ ಯಾಕಪ್ಪ ಹೇಳ್ಲಿಲ್ಲ?"

"ನೀನು ಯಾರ ಮಗಳು?"

ಕೆಲಸ ಮೊದಲಿನಿಂದ ಶುರುವಾಯಿತು. ಸ್ಪಿರಿಟ್ಟಿನಲ್ಲಿ ತೊಳೆದ ಲೋಟ, ಸರದಿಗೊಂದು ಮ್ಯಾಗ್ನೆಟ್. ಹಾಗೆ ಅಳೆದಾಗ ಒಂಬತ್ತರಲ್ಲಿ ನಿಜವಾಗಿ ಉಪ್ಪು ಹೊತ್ತು ದಾಟುತ್ತಿದ್ದದ್ದು ಒಂದೇ, ಮೋಟುಬಾಲದ ಹಳದಿ ಗಿಡ್ಡ. ಅವನು ಮೊದಲ ದಿನದಿಂದಲೂ ಅಷ್ಟೇ ಕೆಲಸ ಮಾಡುತ್ತಿದ್ದ. ಹಿಂದೆ ಬಂದವರೆಲ್ಲ ಸೋಪಿನ ಹೆಗಲೇರಿ ಅವನಿಗಿಂತ ಎತ್ತರ ಕಂಡಿದ್ದರು. ಗಿಡ್ಡನನ್ನು ಕ್ರಿಮಿಯಕ್ಕನ ತಟ್ಟೆಗೆ ಹಾಕಬೇಕೆಂದು ಈವರೆಗೆ ಯಾರಿಗೂ ಹೊಳೆದಿರಲಿಲ್ಲ. ಸೋಮಾರಿಯನ್ನು ಯುದ್ಧಕ್ಕೆ ಕಳಿಸುವವರು ಯಾರು?

ಕ್ರಿಮಿಯಕ್ಕ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಳು.

"ಅರ್ಧ ಸತ್ತಿವೆ!"

"ಇನ್ನರ್ಧ?" ಎಂದರು ಪ್ರೊಫೆಸರ್.

"ಯೋಚನೆ ಮಾಡ್ತಾ ಇವೆ ಸರ್. ಅಳಿಯ ಬಂದಾಗ ಯೋಚನೆಯನ್ನೂ ಮಾಡಿರ್ಲಿಲ್ಲ."

ಅರ್ಧ ಸತ್ತರೆ ಔಷಧಿಯಲ್ಲ. ಔಷಧಿಯಾಗಲು ಅದು ರೋಗಾಣುವನ್ನು ಕೊಂದು ರೋಗಿಯನ್ನು ಉಳಿಸಬೇಕು. ಆ ಪರೀಕ್ಷೆಯೆಲ್ಲ ಇನ್ನೂ ದೂರ. ಆದರೂ ಸತ್ತವು ನಿಜವಾಗಿ ಸತ್ತಿದ್ದವು. ಕಿರಿಯವಳು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಕ್ರಿಮಿಗಳ ಬೆಳೆ ಇರಬೇಕಾದ ಕಡೆ ತೆಳ್ಳಗೆ ಖಾಲಿ ನೆಲ. ಅಪ್ಪನಿಗೆ ತೋರಿಸಬೇಕು ಎಂದುಕೊಂಡಳು. ಕ್ರಿಮಿಗಳನ್ನು ಮನೆಗೆ ಒಯ್ಯುವಂತಿರಲಿಲ್ಲ.

ಪ್ರೊಫೆಸರರ ಮುಖ ಅರಳಿತು. ಅವರು ಆಗಲೇ ಗಿಡ್ಡನಿಗೆ ಬೇರೆ ಸೀಸೆ ತರಲು ಹೇಳಿದರು. ಫ್ರಿಜ್ಜಿನಲ್ಲಿ ಅಳಿಯನ ಅರೆಯನ್ನು ತೆರವು ಮಾಡಿಸಿದರು. "ಮೋಟುಬಾಲದಲ್ಲಿ ಏನೋ ಇದೆ ಅಂತ ನನಗೆ ಮೊದಲಿಂದ್ಲೂ ಅನ್ನಿಸ್ತಿತ್ತು," ಎಂದರು. "ಇವನೇ ಇನ್ನು ಹೊಸ ಅಳಿಯ. ನಾಳೆಯಿಂದ ಇವನನ್ನ ಕೊನೆಗೆ ಇಟ್ಕೋಮ್ಮಾ. ನಾನು ಟೀ ಕುಡಿದು ಬಂದು ನೋಡ್ತೀನಿ."

ಉದ್ದಣ್ಣ ಚಾವಣಿ ನೋಡಿದ. ಕ್ರಿಮಿಯಕ್ಕ ಕಿರಿಯವಳನ್ನು ನೋಡಿದಳು. ಕಿರಿಯವಳು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು.

"ಬೇಡ ಸರ್."

"ಏನು ಬೇಡ?"

"ಅಳಿಯ ಅನ್ನೋದು ಬೇಡ. ಸೊಸೆ ಅನ್ನೋಣ. ಎಲ್ಲರಿಗಿಂತ ಮೊದಲು ಎದ್ದು ಕೆಲಸ ಶುರು ಮಾಡಿದ್ದು ಇದೇ. ಇಷ್ಟು ದಿನ ಯಾರೂ ತಿರುಗಿ ನೋಡ್ಲಿಲ್ಲ." ಲೋಟವನ್ನು ಮತ್ತೆ ಎತ್ತಿಕೊಂಡು ಸೇರಿಸಿದಳು: "ಮೊದಲನೇ ಸರದಿಗೇ ಇಡ್ತೀನಿ ಸರ್. ನೀವು ಟೀ ಬೇಗ ಕುಡೀಬೇಕು."

ಕ್ರಿಮಿಯಕ್ಕ ತಟ್ಟೆ ಬಿದ್ದುಹೋಗುವಂತೆ ನಕ್ಕಳು. ಪ್ರೊಫೆಸರ್ ನಗಬೇಕೋ ಗದರಬೇಕೋ ತಿಳಿಯದೆ ಮೂಗು ಉಜ್ಜಿಕೊಂಡರು.

ಮರುದಿನ ಬೆಳಿಗ್ಗೆ ಅವರು ಬಂದಾಗ ಕೂದಲು ಇನ್ನೂ ಒದ್ದೆಯಿತ್ತು, ಕೈಯಲ್ಲಿ ಟೀ ಲೋಟವಿತ್ತು. ಮಾತಾಡದೆ ಕುರ್ಚಿ ಎಳೆದುಕೊಂಡು ಕೂತರು. ಕಿರಿಯವಳು ಹೊಸ ಮ್ಯಾಗ್ನೆಟ್ ಹಾಕಿ, ತೊಟ್ಟು ಬಿಟ್ಟಳು.

ಗೆರೆ ಸ್ವಲ್ಪ ಹೊತ್ತು ಮಲಗಿತ್ತು. ಆಮೇಲೆ ಯಾರ ಅವಸರಕ್ಕೂ ಸೊಪ್ಪು ಹಾಕದೆ ಮೆಲ್ಲಗೆ ಏಳತೊಡಗಿತು.

"ಇಷ್ಟೇನಾ ವೇಗ?" ಎಂದರು ಪ್ರೊಫೆಸರ್.

"ಇಷ್ಟೇ ಸರ್," ಎಂದಳು ಅವಳು.

ಅವರು ಟೀ ಕುಡಿಯುವುದನ್ನು ಮರೆತು ನೋಡುತ್ತಾ ಕೂತರು.